ಸೋಮಾರಿ ಮಡಕೆ

ಬರ್ರನೆ ಸದ್ದು ಮಾಡುತ್ತ ಪ್ಯಾಕಿಂಗ್ ಟೇಪು ಸುರುಳಿಯಿಂದ ಬಿಚ್ಚಿಕೊಂಡಿತು. ಮಗ ಅದರ ತುದಿಯನ್ನು ಸ್ಲೋ ಕುಕ್ಕರಿನ ಒಂದು ಹಿಡಿಕೆಗೆ ಅಂಟಿಸಿ, ಗಾಜಿನ ಮುಚ್ಚಳದ ಮೇಲೆ ಹಾಯಿಸಿ, ಇನ್ನೊಂದು ಹಿಡಿಕೆಗೆ ಎಳೆದು ತಂದು ಹಲ್ಲಿನಿಂದ ಕತ್ತರಿಸಿದ. ಆಮೇಲೆ ಅಡ್ಡಲಾಗಿ ಇನ್ನೊಂದು ಪಟ್ಟಿ. ಬಡಗಿಯ ಕೈ; ಎಲ್ಲೂ ಒಂದು ಸುಕ್ಕು ಬೀಳಲಿಲ್ಲ.

"ಅಮ್ಮ, ಕೊನೇ ಸಲ ಹೇಳ್ತಿದೀನಿ. ಮುಚ್ಚಳ ತೆಗೀಬೇಡ, ಗುಂಡಿ ತಿರುಗಿಸಬೇಡ, ಸ್ವಿಚ್ ಕಡೆ ಕೈ ಹಾಕಬೇಡ. ಬೇಕಾದ್ರೆ ನೋಡು."

"ನೋಡೋಕೆ ಟಿಕೆಟ್ಟೇನಾದ್ರೂ ಇಟ್ಟಿದೀಯೇನೋ?"

"ತಮಾಷೆ ಅಲ್ಲಮ್ಮ. ಇವತ್ತೂ ಹಾಳಾಯ್ತು ಅಂದ್ರೆ ಅಡುಗೆಮನೆಗೆ ಬಾಗಿಲಿಟ್ಟು ಬೀಗ ಜಡೀತೀನಿ. ಮರಾನೂ ನಂದೇ, ಕೂಲೀನೂ ನಂದೇ."

ಅಡುಗೆಮನೆಗೆ ಬಾಗಿಲಿರಲಿಲ್ಲ, ಬರೀ ಚೌಕಟ್ಟಿತ್ತು. ಆ ಚೌಕಟ್ಟಿಗೆ ಒರಗಿ ನಿಂತಿದ್ದ ಸೌಟಮ್ಮ ಮುಖ ತಿರುಗಿಸಿದಳು. ಆ ಹೆಸರು ಅವಳಿಗೆ ಆಸ್ಪತ್ರೆಯ ಅಡುಗೆಕೋಣೆಯಲ್ಲಿ ಅಂಟಿಕೊಂಡದ್ದು. ರೋಗಿಗಳಿಗೆ ಅಡುಗೆ ಮಾಡುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು. ಮೊಳದುದ್ದದ ಸೌಟು ಹಿಡಿದು ಒಂದು ಹಂಡೆಯಿಂದ ಇನ್ನೊಂದು ಹಂಡೆಗೆ ಓಡಾಡುವುದು, ಮುಚ್ಚಳ ಎತ್ತುವುದು, ತಿರುವುವುದು, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕುವುದು, ಮತ್ತೆ ಮುಚ್ಚುವುದು. ಅವಳಿಗೆ ಗೊತ್ತಿದ್ದ ಅಡುಗೆಯೆಂದರೆ ಅದು. ಒಲೆಯ ಮೇಲಿರುವುದನ್ನು ತಿರುವದೆ ಬಿಡುವುದೆಂದರೆ ತೊಟ್ಟಿಲಲ್ಲಿ ಅಳುವ ಮಗುವನ್ನು ಬಿಟ್ಟು ಹರಟೆಗೆ ಕೂತ ಹಾಗೆ.

ಸೊಸೆ ತಂದ ಈ ಕರೆಂಟಿನ ಮಡಕೆಗೆ ತಿರುವುವವರೇ ಬೇಡವಾಗಿತ್ತು. ಬೆಳಿಗ್ಗೆ ತುಂಬಿಟ್ಟು ಹೋದರೆ ಸಂಜೆಗೆ ತಾನಾಗಿಯೇ ಬೆಂದಿರುತ್ತದಂತೆ. ಮುಚ್ಚಳ ಎತ್ತಿದಷ್ಟು ಸಲವೂ ಒಳಗಿನ ಕಾವು ಹಾರಿಹೋಗಿ ಬೇಯುವುದು ಹಿಂದೆ ಬೀಳುತ್ತದೆ ಎಂದು ಸೊಸೆ ಬಿಡಿಸಿ ಬಿಡಿಸಿ ಹೇಳಿದ್ದಳು. ಸೌಟಮ್ಮ ತಲೆಯಾಡಿಸಿದ್ದಳು. ಸೊಸೆ ಮೆಟ್ಟಿಲಿಳಿಯುವುದೇ ತಡ, ಹೋಗಿ ಎತ್ತಿದ್ದಳು. ಸಂಜೆ ಬೇಳೆ ಹಲ್ಲಿಗೆ ಸಿಕ್ಕಾಗ, "ನಾನ್ಯಾಕೆ ಮುಟ್ಲಿ ತಾಯಿ ನಿನ್ನ ಸೋಮಾರಿ ಮಡಕೇನ?" ಎಂದಿದ್ದಳು. ಸಿಂಕಿನ ಪಕ್ಕ ಸೌಟು ಇನ್ನೂ ಹಸಿಯಾಗಿಯೇ ಇರುತ್ತಿತ್ತು. ಹೀಗೇ ಎಷ್ಟೋ ಸಲ.

ಮುಚ್ಚಳಕ್ಕೆ ಟೇಪು ಹಾಕುವ ಮಾತು ಬಂದ ದಿನವೇ ಅವಳು ಮಗಳಿಗೆ ಫೋನು ಮಾಡಿ ಅತ್ತಿದ್ದಳು. "ನಾನು ಕಳ್ಳೀನೇನೇ? ಕಳ್ಳರಿಗೆ ಮಾಡಿದ ಹಾಗೆ ಮಾಡ್ತಾರೆ." ಮಗಳು ಕೆರಳಿ, "ಬರ್ತೀನಿ ಇರು, ಇಬ್ಬರನ್ನೂ ಕೂರಿಸಿ ಕೇಳ್ತೀನಿ" ಎಂದಿದ್ದಳು. ಅದನ್ನು ತಿಳಿದ ಸೊಸೆ ತಾನೇ ಫೋನು ಮಾಡಿ ಅತ್ತಿಗೆಯನ್ನೂ ಅವಳ ಗಂಡನನ್ನೂ ಇವತ್ತಿನ ರಾತ್ರಿಯೂಟಕ್ಕೆ ಕರೆದಿದ್ದಳು. ಬೇಳೆ, ಕೋಳಿ, ಬ್ರೆಡ್ಡು. ಮುಟ್ಟದೆ ಬಿಟ್ಟರೆ ಎಷ್ಟು ಚೆನ್ನಾಗಿ ಬೇಯುತ್ತದೆ ಎಂದು ಅವರೂ ನೋಡಲಿ ಎಂಬುದು ಅವಳ ಹಟ.

ಸೊಸೆ ಒಂದು ಕೈಯಲ್ಲಿ ಕೂದಲು ಕಟ್ಟಿಕೊಳ್ಳುತ್ತ ಬಂದು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಅದೇ ಜಾಗಕ್ಕೆ ಕುಕ್ಕರಿನ ಪ್ಲಗ್ಗು ತುರುಕಿ, ಗುಂಡಿ ತಿರುಗಿಸಿ ಚಪ್ಪಲಿ ಮೆಟ್ಟಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಡವಾದರೆ ಯಜಮಾನ ಎಲ್ಲರೆದುರು ಗದರುತ್ತಿದ್ದ. "ಅತ್ತೆ, ನಿಮಗೆ ಮಧ್ಯಾಹ್ನಕ್ಕೆ ಅನ್ನ ಫ್ರಿಜ್ಜಲ್ಲಿದೆ. ದಯವಿಟ್ಟು..." ಎಂದು ಮಡಕೆಯತ್ತ ಕೈ ತೋರಿಸಿ, ಮಾತು ಮುಗಿಸದೆ ಓಡಿದಳು. ಮಗನೂ ಹೋದ.

ಸೌಟಮ್ಮ ಸ್ಟೂಲು ಎಳೆದುಕೊಂಡು ಮಡಕೆಯ ಎದುರು ಕೂತಳು. "ಕೂತ್ಕೋ ತಾಯಿ, ಕೈಕಾಲು ಕಟ್ಟಿಸಿಕೊಂಡು ಕೂತ್ಕೋ" ಎಂದಳು. ಅದು ಮಡಕೆಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ. ಗಾಜಿನೊಳಗೆ ಕೋಳಿಯ ತುಂಡುಗಳು, ಈರುಳ್ಳಿ, ಬೆಳ್ಳುಳ್ಳಿ, ನಾಲ್ಕು ಟೊಮೇಟೊ, ಅಡಿಯಲ್ಲಿ ಬೇಳೆ. ಹುರಿದಿಲ್ಲ, ಬಾಡಿಸಿಲ್ಲ. ಸೊಸೆ ಕೋಳಿಯನ್ನು ಸ್ನಾನಕ್ಕೆ ಇಳಿಸಿದ ಹಾಗೆ ನೀರಿಗೆ ಬಿಟ್ಟಿದ್ದಳು.

ಸೌಟಮ್ಮ ಮನೆ ಗುಡಿಸಿ, ಬಟ್ಟೆ ಹರವಿ, ಮತ್ತೆ ಬಂದು ನೋಡಿದಳು. ಇಷ್ಟು ಹೊತ್ತಿಗೆ ಗಾಜಿನ ಒಳಮೈ ಬೆವರಿ ಮಂಜಾಗಬೇಕಿತ್ತು. ಆಗಿರಲಿಲ್ಲ. ತುಂಡುಗಳು ಹಾಗೇ ತಿಳಿಗುಲಾಬಿ ಬಣ್ಣದಲ್ಲಿ ಮಲಗಿದ್ದವು. ಮಡಕೆಯ ಹೊಟ್ಟೆಗೆ ಅಂಗೈಯಿಟ್ಟಳು. ತಣ್ಣಗಿತ್ತು. ಗುಂಡಿಯ ಪಕ್ಕದ ಕೆಂಪು ದೀಪ ಹತ್ತಿರಲಿಲ್ಲ. ಬಗ್ಗಿ ಗೋಡೆ ನೋಡಿದಳು. ಪ್ಲಗ್ಗು ಇತ್ತು, ಮೇಲಿನ ಸ್ವಿಚ್ಚು ಮಾತ್ರ ಆರಿತ್ತು. ಇಸ್ತ್ರಿಪೆಟ್ಟಿಗೆ ಕೀಳುವಾಗ ಆರಿಸಿದವಳು ಮತ್ತೆ ಹಾಕಿರಲಿಲ್ಲ.

ಸೌಟಮ್ಮನ ಬೆರಳು ತಾನಾಗಿಯೇ ಸ್ವಿಚ್ಚಿನವರೆಗೆ ಹೋಯಿತು. ಅಲ್ಲೇ ನಿಂತಿತು.

ಮುಟ್ಟಬೇಡ ಅಂದಿದ್ದಾರೆ.

ಬೆರಳು ಹಿಂದಕ್ಕೆ ಬಂತು. ಎದೆಯೊಳಗೆ ಎಲ್ಲೋ ಬೆಲ್ಲದ ಚೂರೊಂದು ಕರಗತೊಡಗಿದ ಹಾಗಾಯಿತು. ಟೇಪು ಹಾಗೇ ಇದೆ. ಸ್ವಿಚ್ಚು ಸೊಸೆಯೇ ಆರಿಸಿದ್ದು. ಸಂಜೆ ಮಗಳು, ಅಳಿಯ ಎಲ್ಲ ಕೂತಿರುವಾಗ, ಅವಳೇ ತನ್ನ ಕೈಯಾರೆ ಟೇಪು ಕಿತ್ತು ಮುಚ್ಚಳ ಎತ್ತುತ್ತಾಳೆ. ಆಹಾ.

ಮಧ್ಯಾಹ್ನ ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆದಳು. ಎದ್ದಾಗ ಮಡಕೆಯ ಸುತ್ತ ನೊಣವೊಂದು ಗುಂಯ್‌ಗುಡುತ್ತಿತ್ತು. ಹೊರಗೆ ಸೆಕೆ. ಈಗಲಾದರೂ ಕೋಳಿಯನ್ನು ತೆಗೆದು ಫ್ರಿಜ್ಜಿಗಿಡಬಹುದಿತ್ತು. ಅಂಗಡಿಗೆ ಒಂದು ಫೋನು ಮಾಡಬಹುದಿತ್ತು. ಅವಳು ನೊಣವನ್ನು ಓಡಿಸಿ, ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು ಕೂತಳು.

ಸಂಜೆ ಎಲ್ಲರೂ ಬಂದರು. ಅಳಿಯ ಕ್ಷೌರದವನು, ದಿನವಿಡೀ ಗಿರಾಕಿಗಳ ತಲೆ ಹಿಡಿದುಕೊಂಡು ಮಾತಾಡಿ ಅಭ್ಯಾಸ. "ಮಧ್ಯಾಹ್ನ ಏನೂ ತಿಂದಿಲ್ಲ ಕಣಮ್ಮ, ಈ ಮಡಕೇನ ನಂಬ್ಕೊಂಡು ಹೊಟ್ಟೇಲಿ ಜಾಗ ಹಿಡಿದಿಟ್ಟಿದೀನಿ" ಎಂದು ಸೊಸೆಗೆ ಹೇಳುತ್ತ ಮೇಜಿಗೆ ಕೂತ. ಮಗಳು ನಗಲಿಲ್ಲ. ಅವಳ ಕಣ್ಣು ಟೇಪಿನ ಮೇಲಿತ್ತು.

"ಇದೇನಾ ನಿಮ್ಮ ಬಂದೋಬಸ್ತು?"

"ನೋಡಿ ಅತ್ತಿಗೆ, ಒಂದು ಸಲ ರುಚಿ ನೋಡಿ, ಆಮೇಲೆ ಬೈರಿ," ಎಂದು ಸೊಸೆ ಕತ್ತರಿ ತಂದಳು. ದಣಿದ ಮುಖದಲ್ಲೂ ಒಂದು ಹುರುಪಿತ್ತು. ಟೇಪು ಕತ್ತರಿಸಿ ಮುಚ್ಚಳ ಎತ್ತಿದಳು.

ವಾಸನೆ ಮೊದಲು ಅಳಿಯನನ್ನು ಮುಟ್ಟಿತು. ಅವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಬೂದು ನೀರಿನ ಮೇಲೆ ಈರುಳ್ಳಿ ತೇಲುತ್ತಿತ್ತು. ಕೋಳಿಗೆ ಲೋಳೆ ಬಂದಿತ್ತು.

"ಅತ್ತೆ! ಆರಿಸಿಬಿಟ್ರಾ?"

"ನಾನು ಮುಟ್ಟಿಲ್ಲ," ಎಂದಳು ಸೌಟಮ್ಮ. ಜೀವಮಾನದಲ್ಲೇ ಇಷ್ಟು ಹಗುರವಾಗಿ ಅವಳು ಆ ಮಾತು ಹೇಳಿರಲಿಲ್ಲ. "ನಿನ್ನ ಸ್ವಿಚ್ಚು ನೀನೇ ನೋಡ್ಕೋ."

ಸೊಸೆ ಗೋಡೆಯತ್ತ ತಿರುಗಿದಳು. ಮಗ ಮೂಲೆಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ನೋಡಿ, "ಬೆಳಿಗ್ಗೆ ಇದನ್ನ ಕಿತ್ತಿದ್ದು ನೀನೇ ಅಲ್ವಾ?" ಎಂದ.

"ಕನ್ನಡಕದ ಅಂಗಡೀಲಿ ಕೆಲಸ," ಎಂದಳು ಮಗಳು, "ಊರಿಗೆಲ್ಲ ಕಣ್ಣು ಕೊಡ್ತಾಳೆ. ಮನೇಲಿರೋ ಸ್ವಿಚ್ ಕಾಣಲ್ಲ. ಮುದುಕಿ ಮೇಲೆ ಹಾಕೋಕೆ ಮಾತ್ರ ನಾಲಿಗೆ ರೆಡಿ."

ಅಳಿಯ ಕಿಸಕ್ಕೆಂದ. ಸೊಸೆ ಕೈಗೆ ಅಂಟಿಕೊಂಡಿದ್ದ ಟೇಪಿನ ತುಂಡನ್ನು ಬಿಡಿಸಿಕೊಳ್ಳಲು ನೋಡಿದಳು. ಅದು ಈ ಬೆರಳಿನಿಂದ ಆ ಬೆರಳಿಗೆ ಅಂಟಿತು. "ತಪ್ಪಾಯ್ತು ಅತ್ತೆ," ಎಂದಳು. ದನಿ ಒಡೆದಿತ್ತು. ಮಗ ತಲೆ ಕೆರೆದುಕೊಂಡು, "ಇನ್ನು ಈ ಟೇಪು ಗೀಪು ಎಲ್ಲ ಬೇಡ, ಅಮ್ಮನೇ ಮಾಡ್ಲಿ ಬಿಡು ಅಡುಗೇನ," ಎಂದ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಎಷ್ಟೋ ದಿನದ ಮೇಲೆ ಮನೆಮಂದಿಯೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಸೌಟಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ಹೋಗ್ಲಿ ಬಿಡು, ಅಳಬೇಡ. ಅಡುಗೆ ಅಂದ್ರೆ ಅದೊಂದು ಅಂದಾಜು ಕಣೇ. ನಂಗೆ ಯಾರು ಹೇಳ್ಕೊಟ್ರು? ನೀನು ಆ ಕಡೆ ಹೋದೆ, ನಾನು ಮನೆ ಗುಡಿಸಿ ಬಂದು ಒಂದು ಸಲ ನೋಡಿದೆ ಅಷ್ಟೆ. ಗಾಜು ಬೆವರಿರಲಿಲ್ಲ. ಕೈಯಿಟ್ಟೆ. ಹೆಣ ಮುಟ್ಟಿದ ಹಾಗೆ ತಣ್ಣಗೆ! ಆಗ್ಲೇ ಅಂದ್ಕೊಂಡೆ, ಸ್ವಿಚ್ ಹಾಕಿಲ್ಲ ಇವಳು ಅಂತ."

ಅಳಿಯನ ನಗು ಬಾಯಲ್ಲೇ ಉಳಿಯಿತು.

"ಬೆಳಿಗ್ಗೇನೇ ಗೊತ್ತಿತ್ತಾ ನಿಂಗೆ?" ಎಂದಳು ಮಗಳು.

"ಮುಟ್ಟಬೇಡ ಅಂದಿದ್ರಲ್ಲ."

"ಒಂದು ಫೋನು?"

"ನಾನ್ಯಾಕೆ ಮಾಡ್ಲಿ? ನಾನು ಕಳ್ಳಿ ಅಲ್ವಾ?" ಸೌಟಮ್ಮ ಮಗಳ ಮುಖ ನೋಡಿದಳು. ಬೆಳಗಿನಿಂದ ಅವಳಿಗಾಗಿ ಕಾದಿದ್ದಳು. ಆ ಮುಖದಲ್ಲಿ ಅವಳಿಗೆ ಬೇಕಾಗಿದ್ದದ್ದು ಏನೂ ಇರಲಿಲ್ಲ.

ಸೊಸೆ ಈಗ ಅಳುತ್ತಿರಲಿಲ್ಲ. ಕಣ್ಣೊರೆಸಿಕೊಂಡು, ಸೌಟನ್ನು ತೆಗೆದು, ಅದರ ಹಿಡಿಯನ್ನು ಅತ್ತೆಯ ಕಡೆಗೆ ಮಾಡಿ ಮೇಜಿನ ಮೇಲಿಟ್ಟಳು.

"ಆಸ್ಪತ್ರೇಲೂ ಹೀಗೇ ಬಡಿಸ್ತಿದ್ರಾ ಅತ್ತೆ? ಯಾರ ಮೇಲಾದ್ರೂ ಸಿಟ್ಟು ಬಂದಾಗ?"

ಆ ಅಡುಗೆಕೋಣೆಯ ಮೇಲೆ ಅವಳ ಕಿವಿಗೆ ಬಿದ್ದ ಮೊದಲ ಕೆಟ್ಟ ಮಾತು ಅದು. ಅವಳು ಮಗಳನ್ನು ನೋಡಿದಳು, ಮಗನನ್ನು ನೋಡಿದಳು. ಹಾಗೆಲ್ಲ ಅನ್ನಬೇಡ ಎಂದು ಯಾರೂ ಸೊಸೆಗೆ ಹೇಳಲಿಲ್ಲ.

ಮಗಳು ಮಡಕೆಯನ್ನು ಎತ್ತಿಕೊಂಡು ಹೋಗಿ ಕಸಕ್ಕೆ ಸುರಿದು ಬಂದಳು. ಬ್ರೆಡ್ಡು, ಚಹಾ ಎಂದು ಊಟದ ಶಾಸ್ತ್ರ ಮುಗಿಯಿತು. ಸೌಟಮ್ಮನ ಮುಂದೆಯೂ ಒಂದು ತಟ್ಟೆ ಇಟ್ಟಿದ್ದರು. ಬ್ರೆಡ್ಡು ಬಾಯಲ್ಲಿ ನೆನೆಯದೆ ಸುತ್ತಿತು. ಮಗ ಎದ್ದು, ಜೇಬಿನಿಂದ ಅಳತೆಯ ಟೇಪು ತೆಗೆದು, ಅಡುಗೆಮನೆಯ ಚೌಕಟ್ಟಿನ ಬುಡದಲ್ಲಿ ಕೂತ. ಒಬ್ಬನೇ ಹಿಡಿಯಲಾಗದೆ ಅತ್ತಿತ್ತ ನೋಡಿದ. ಅಳಿಯ ಕೈಯೊರೆಸಿಕೊಂಡು ಹೋಗಿ ಇನ್ನೊಂದು ತುದಿಯನ್ನು ಮೇಲೆ ಹಿಡಿದು ನಿಂತ.

"ಎಷ್ಟು ಬಂತು ನೋಡಿ ಭಾವ."

ಅಳಿಯ ಹೇಳಿದ. ಮಗಳು ಬಟ್ಟಲು ತೊಳೆಯುತ್ತಿದ್ದಳು. ಹೊರಡುವಾಗ ಅವಳು ಸೊಸೆಯ ಬೆನ್ನಿಗೆ ಕೈಯಿಟ್ಟು ಏನೋ ಹೇಳಿದಳು. ತಾಯಿಗೆ, "ಬರ್ತೀವಿ," ಎಂದಳು, ಚಪ್ಪಲಿ ಹುಡುಕುತ್ತ.

ಬಾಗಿಲು ಭಾನುವಾರ ಕೂತಿತು. ಮಗ ಚೆನ್ನಾಗಿಯೇ ಮಾಡಿದ್ದ. ಸಂದಿಯಿಲ್ಲ, ಕಿರುಗುಟ್ಟುವುದಿಲ್ಲ. ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ವಾರ್ನಿಶ್ಶನ್ನೂ ಬಳಿದು, ಬೀಗದ ಕೈಯನ್ನು ಹೆಂಡತಿಗೆ ಕೊಟ್ಟು ಹೋದ. ಅವಳು ಮಡಕೆ ತುಂಬಿಟ್ಟು, ಬಾಗಿಲಿಗೆ ಬೀಗ ಹಾಕಿ ಅಂಗಡಿಗೆ ಹೊರಟಳು. ಅತ್ತೆಯ ಅನ್ನ, ನೀರು, ಲೋಟ ಎಲ್ಲ ನಡುಮನೆಯ ಮೇಜಿನ ಮೇಲೆ ಮುಚ್ಚಿಟ್ಟಿತ್ತು.

ಸೌಟಮ್ಮ ಮನೆ ಗುಡಿಸಿದಳು, ಬಟ್ಟೆ ಹರವಿದಳು. ಸ್ಟೂಲು ತಂದು ಬಾಗಿಲ ಎದುರು ಹಾಕಿ ಕೂತಳು. ಮೂಗಿಗೆ ವಾರ್ನಿಶ್ಶಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ಗಾಜಿನ ಮುಚ್ಚಳ ಸಣ್ಣಗೆ, ಚಳಿಗೆ ಹಲ್ಲು ಕಡಿದ ಹಾಗೆ, ಕಟಕಟ ಅಂದಿತು. ಸೊಸೆ ಇವತ್ತು ಸ್ವಿಚ್ಚು ಹಾಕಿದ್ದಳು. ಸೌಟಮ್ಮನ ಬಲಗೈ ಸೌಟು ಹಿಡಿದ ಹಾಗೆ ಮಡಿಲಲ್ಲಿ ತಾನಾಗಿಯೇ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು.

ಅವಳು ಎದ್ದು ಹೋಗಿ ಬಾಗಿಲಿಗೆ ಅಂಗೈಯಿಟ್ಟು ನೋಡಿದಳು. ತಣ್ಣಗಿತ್ತು. ಕೈ ತೆಗೆಯಹೋದಾಗ ಅದು ಒಂದು ಗಳಿಗೆ ಅಂಟಿಕೊಂಡು, ಚಟ್ಟನೆ ಬಿಟ್ಟಿತು. ಆರದ ವಾರ್ನಿಶ್ಶಿನ ಮೇಲೆ ಐದು ಬೆರಳೂ ಅಂಗೈಯ ಗೆರೆಗಳೂ ಸ್ಪಷ್ಟವಾಗಿ ಮೂಡಿದ್ದವು. ಅವಳು ತೋಳಿನಿಂದ ಒರೆಸಿದಳು. ಒರೆಸಿದಷ್ಟೂ ಗುರುತು ಅಗಲವಾಯಿತು.