ಮಲಗಿಸಿದ ರಾಜ

ಸುಳ್ಳಿಗೆ ಕಾಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ನಡೆಯಲಾರದ್ದು ಕೂತಲ್ಲೇ ಕೂತಿರುತ್ತದೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಪುಸ್ತಕಗಳಿಗೆ ಬೈಂಡು ಹಾಕುವ ಒಬ್ಬನ ಎದೆಯಲ್ಲಿ ಅಂಥದೊಂದು ಹತ್ತೊಂಬತ್ತು ವರ್ಷ ಕೂತಿತ್ತು.

ಅವನೂ ಅವನ ಹೆಂಡತಿಯ ಅಣ್ಣನೂ ಊರಿಗೇ ಗಟ್ಟಿ ಚದುರಂಗದ ಆಟಗಾರರು. ಭಾವನದು ಕನ್ನಡಕದ ಅಂಗಡಿ. ಅವರು ಆಡುತ್ತಿದ್ದ ಸಂಘದಲ್ಲಿ ಒಂದು ಪದ್ಧತಿ ಇತ್ತು. ಆಟ ಮುಗಿದ ಮೇಲೆ ಗೆದ್ದವನೂ ಸೋತವನೂ ಅದೇ ಹಲಗೆಯ ಮುಂದೆ ಕೂತು, ಮೊದಲ ನಡೆಯಿಂದ ಆಟವನ್ನು ಬಿಚ್ಚಿ ನೋಡಬೇಕು. ತನಗೆ ಕಂಡದ್ದನ್ನೆಲ್ಲ ಎದುರಾಳಿಗೆ ತೋರಿಸಬೇಕು, ಏನನ್ನೂ ಬಚ್ಚಿಡಬಾರದು. ಭಾವ ಇದನ್ನು ಪ್ರಾರ್ಥನೆಯ ಹಾಗೆ ಶ್ರದ್ಧೆಯಿಂದ ನಡೆಸುತ್ತಿದ್ದರು. ಆಟಕ್ಕಿಂತ ಆಮೇಲಿನ ಮಾತೇ ರುಚಿ ಅನ್ನುತ್ತಿದ್ದರು.

ಆ ವರ್ಷದ ಅಂತಿಮ ಪಂದ್ಯ ಇವರಿಬ್ಬರ ನಡುವೆಯೇ ಬಿತ್ತು. ನಲವತ್ತೊಂದನೆಯ ನಡೆಯ ಹೊತ್ತಿಗೆ ಭಾವನ ರಾಜ ಮೂಲೆ ಸೇರಿದ್ದ. ಉಳಿದಿದ್ದ ಒಂದೇ ಪದಾತಿ ಎದುರಿನ ಪದಾತಿಗೆ ತಲೆಯೊಡ್ಡಿ ಅಲ್ಲಾಡದೆ ನಿಂತಿತ್ತು. ಜೊತೆಗಿದ್ದದ್ದು ಒಂದು ಆನೆ ಮಾತ್ರ. ಭಾವ ಬಹಳ ಹೊತ್ತು ನೋಡಿದರು, ನಿಟ್ಟುಸಿರಿಟ್ಟು ತಮ್ಮ ರಾಜನನ್ನು ಹಲಗೆಯ ಮೇಲೆ ಮಲಗಿಸಿ ಸೋಲೊಪ್ಪಿದರು.

ಬೈಂಡಿನವನಿಗೆ ಆಗಲೇ ಕಂಡಿತ್ತು. ಭಾವ ಆ ಆನೆಯನ್ನು ತನ್ನ ರಾಜನ ಪಕ್ಕಕ್ಕೇ ತಂದು ಚೆಕ್ ಕೊಟ್ಟಿದ್ದರೆ ತಾನು ಅದನ್ನು ಹೊಡೆಯಲೇಬೇಕಿತ್ತು. ಹೊಡೆದರೆ ಭಾವನ ರಾಜನಿಗೆ ಚೆಕ್ಕೂ ಇಲ್ಲ, ಸರಿಯಲು ಜಾಗವೂ ಇಲ್ಲ, ನಡೆಸಲು ಬೇರೆ ಕಾಯಿಯೂ ಇಲ್ಲ. ಅಲ್ಲಿಗೆ ನಿಯಮದಂತೆ ಆಟ ಸಮ.

ಪದ್ಧತಿಯಂತೆ ಕೂತಾಗ ಭಾವ ಅಲ್ಲಿಗೇ ಬಂದು ಬೆರಳಿಟ್ಟು ಕೇಳಿದರು: ಇಲ್ಲಿ ಏನಾದರೂ ಇತ್ತೇ? ಸುತ್ತ ಜನ ನಿಂತಿದ್ದರು, ಗೆದ್ದವನಿಗೆ ಕೊಡುವ ಕಪ್ಪು ಮೇಜಿನ ಮೇಲಿತ್ತು. ಅವನು "ಇಲ್ಲ ಭಾವ" ಅಂದುಬಿಟ್ಟ.

ಮರುವಾರದಿಂದ ಭಾವ ಸಂಘಕ್ಕೆ ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಹೆಚ್ಚಾಯಿತು ಅಂದರು. ಕರೆದರೆ ಮನೆಗೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಹಲಗೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಮೊನ್ನೆ ಭಾವನ ಮಗಳು ಬೈಂಡಿಂಗ್ ಅಂಗಡಿಗೆ ಬಂದಳು. ಅವಳು ಮಕ್ಕಳಿಗೆ ಚದುರಂಗ ಕಲಿಸುತ್ತಾಳೆ. ಆ ಹಳೆಯ ಆಟದ ನಡೆಗಳ ಪಟ್ಟಿ ಸಂಘದ ಕಪಾಟಿನಲ್ಲಿ ಸಿಕ್ಕಿತಂತೆ. "ಒಂದೊಂದು ನಡೆಗೂ ನಿಮಗೆ ಏನು ಕಂಡಿತ್ತು ಅಂತ ಬರೆದುಕೊಡಿ ಮಾವ. ಮಕ್ಕಳಿಗೆ ಅದನ್ನೇ ಪಾಠ ಮಾಡ್ತೀನಿ" ಅಂದಳು.

ನಲವತ್ತರವರೆಗೆ ಕೈ ಸಲೀಸಾಗಿ ಓಡಿತು. ಆಮೇಲೆ ನಿಂತಿತು. ಬರೆಯದಿದ್ದರೆ ಮಕ್ಕಳೂ ಅದೇ ಸುಳ್ಳು ಕಲಿಯುತ್ತವೆ. ಬರೆದರೆ ಭಾವ ಅದನ್ನು ಮಗಳ ಬಾಯಿಂದ ಕೇಳಬೇಕಾಗುತ್ತದೆ. ದೇವರ ಮುಂದೆ ಎಷ್ಟೋ ಸಲ ತಪ್ಪೊಪ್ಪಿಕೊಂಡಿದ್ದ. ಆದರೆ ಆಟದಲ್ಲಿ ಎದುರಿಗೆ ಕೂತಿದ್ದವನು ದೇವರಲ್ಲವಲ್ಲ. ಅಂಟಿನ ಕೈ ತೊಳೆದುಕೊಂಡು, ಹಲಗೆಯನ್ನು ಕಂಕುಳಲ್ಲಿಟ್ಟು ಹೊರಟ.

ಭಾವ ಒಂದು ಕನ್ನಡಕದ ತಿರುಪು ಬಿಗಿಮಾಡುತ್ತಿದ್ದರು. ಅವನು ಕಾಯಿಗಳನ್ನು ನಲವತ್ತೊಂದನೆಯ ನಡೆಗೆ ಜೋಡಿಸಿದ.

"ಭಾವ, ಇಲ್ಲಿ ಇತ್ತು. ನನಗೆ ಕಂಡಿತ್ತು."

ಭಾವ ತಿರುಪುಳಿ ಕೆಳಗಿಟ್ಟರು. ಕೈಚಾಚಿ ಆನೆಯನ್ನು ಸರಿಯಾಗಿ ಅದೇ ಮನೆಗೆ ತಂದಿಟ್ಟರು.

"ನನಗೂ ಕಂಡಿತು ಕಣಯ್ಯ, ಅವತ್ತೇ, ಸಂಘದ ಮೆಟ್ಟಿಲು ಇಳೀತಾ. ಊರಿಗೆಲ್ಲ ಕಣ್ಣು ಕೊಡೋನಿಗೆ ಮೆಟ್ಟಿಲಲ್ಲಿ ಕಣ್ಣು ಬಂತು ಅಂತ ನಗಾಡೋಣ ಅಂತ ವಾಪಸ್ ಓಡಿ ಬಂದೆ. ನೀನು ಬಾಗಿಲ ಕಡೆ ಬೆನ್ನು ಹಾಕಿ ಕೂತಿದ್ದೆ. ಅದೇ ನಡೆಯನ್ನ ಒಬ್ಬನೇ ಇಟ್ಟು ನೋಡ್ತಿದ್ದೆ."

ಅವನಿಗೆ ತಲೆಯೆತ್ತಲಾಗಲಿಲ್ಲ. ಆಗಲೇ ಯಾಕೆ ಕೇಳಲಿಲ್ಲ ಎಂದ.

"ನಾಳೆ ಹೇಳ್ತಾನೆ ಅಂದ್ಕೊಂಡೆ. ಆಮೇಲೆ ನಾಡಿದ್ದು ಅಂದ್ಕೊಂಡೆ. ನಿನಗೆ ಸೋಲೋಕೆ ನನಗೇನೂ ಬೇಜಾರಿರಲಿಲ್ಲ. ಸೋತ ಮೇಲೆ ಕೂತು ಏನು ಮಾತಾಡೋದು, ಹೇಳು?"

ಬೈಂಡಿನವನು ಆನೆಯನ್ನು ಹೊಡೆದ. ಮೂಲೆಯ ರಾಜನಿಗೆ ಹೋಗಲು ಜಾಗವಿರಲಿಲ್ಲ. ಇಬ್ಬರೂ ಕೈಕುಲುಕಿದರು.

ಇನ್ನೊಂದು ಆಟ ಆಡೋಣವೇ ಎಂದು ಅವನು ಕೇಳಿದ. ಭಾವ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು.

"ಬೇಡಯ್ಯ. ಆಟ ಮರೆತುಹೋಗಿದೆ. ಸುಮ್ಮನೆ ಅಲ್ಲ, ನಿಜವಾಗ್ಲೂ."

ಅಂಗಡಿಗೆ ಮರಳಿ ಅವನು ನಲವತ್ತೊಂದರ ಮುಂದೆ ಬರೆದ: "ಆನೆಯ ನಡೆಯಿಂದ ಆಟ ಸಮವಾಗುತ್ತಿತ್ತು. ನನಗೆ ಕಂಡಿತ್ತು, ಕೇಳಿದರೂ ಹೇಳಲಿಲ್ಲ." ಅದರ ಕೆಳಗೆ ಇನ್ನೇನಾದರೂ ಬರೆಯಬೇಕು ಅನ್ನಿಸಿತು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ಆ ಪಟ್ಟಿಯಲ್ಲಿ ನಲವತ್ತೆರಡನೆಯ ನಡೆ ಇರಲಿಲ್ಲ.