ದೊಡ್ಡ ಬಾಗಿಲು ತೆರೆದಿದೆ

ಅಣ್ಣನ ಗ್ಯಾರೇಜಿಗೆ ಎರಡು ಬಾಗಿಲು. ದೊಡ್ಡದು ಕಾರಿಗೆ, ಪಕ್ಕದ ಚಿಕ್ಕದು ಅತ್ತಿಗೆಗೆ. ನಡುವೆ ಪ್ಲೈವುಡ್ ಗೋಡೆ ಹಾಕಿಸಿಕೊಂಡು ಆ ಕಡೆ ಇಪ್ಪತ್ತು ವರ್ಷದಿಂದ ಹೊಲಿಗೆ ನಡೆಸುತ್ತಿದ್ದಾರೆ. ಕೋಟು ಸಡಿಲ ಮಾಡುವುದು, ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು. ಇಸ್ತ್ರಿಯ ಹಬೆ ಹೋಗಲೆಂದು ಚಿಕ್ಕ ಬಾಗಿಲು ಎತ್ತಿಟ್ಟಿರುತ್ತಾರೆ. ಗಾಳಿ ಜೋರಿದ್ದ ದಿನ ಮಾತ್ರ ಧೂಳಿಗೆ ಹೆದರಿ ಇಳಿಸುತ್ತಾರೆ.

ನನ್ನ ಕಸುಬು ಇಂಥ ಬಾಗಿಲುಗಳಿಗೆ ಮೋಟಾರು ಕೂರಿಸಿ ಫೋನಿಗೆ ಜೋಡಿಸುವುದು. ಊರಿಗೆಲ್ಲ ಮಾಡಿಕೊಟ್ಟು ಅಣ್ಣನ ಮನೆಗೆ ಮಾಡದಿದ್ದರೆ ಹೇಗೆ ಎಂದು ಒಂದು ಭಾನುವಾರ ಏಣಿ ಹೊತ್ತು ಹೋದೆ. ಅಣ್ಣ ಕೇಳಿದ್ದು ಒಂದೇ.

"ಮಧ್ಯಾಹ್ನ ಎರಡರ ಮೇಲೆ ಈ ಬೀದೀಲಿ ನರಪಿಳ್ಳೆ ಇರಲ್ಲ. ಕಾರಿನ ಬಾಗಿಲು ಅಪ್ಪಿತಪ್ಪಿ ತೆರೆದಿದ್ದರೆ ಎರಡು ಗಂಟೆಗೆ ನನಗೊಂದು ಮೆಸೇಜು ಕಳಿಸಿ ತಾನೇ ಮುಚ್ಚಿಕೊಳ್ಳಬೇಕು. ಆಗುತ್ತಾ ಎಂಜಿನಿಯರ್ ಸಾಹೇಬರೇ?"

ಆಗುತ್ತದೆ. ಪ್ರತಿ ಬಾಗಿಲಿಗೂ ಬೆಂಕಿಪೊಟ್ಟಣದ ಗಾತ್ರದ ಸೆನ್ಸರ್ ಅಂಟಿಸುತ್ತೇವೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅದು ಫೋನಿಗೆ ಹೇಳುತ್ತದೆ. ಮೋಟಾರಿಗೆ ಸ್ವಂತ ಬುದ್ಧಿಯಿಲ್ಲ. ಗೋಡೆಯ ಬಟನ್ನಿನಿಂದಲೋ ಫೋನಿನಿಂದಲೋ ಒಮ್ಮೆ ಒತ್ತಿದರೆ ಮುಚ್ಚಿದ್ದು ತೆರೆಯುತ್ತದೆ, ತೆರೆದದ್ದು ಮುಚ್ಚುತ್ತದೆ, ಅಷ್ಟೇ. ಹೀಗಾಗಿ ಸೆನ್ಸರ್ ಹೇಳುವ ಮಾತು ನಿಜವಾಗಿರಬೇಕು. ಒಂದು ಬಾಗಿಲನ್ನು ಮುಚ್ಚಿಟ್ಟು ಇನ್ನೊಂದನ್ನು ತೆರೆದು, ಒಂದೊಂದಾಗಿ ಪರೀಕ್ಷೆ ಮಾಡಬೇಕೆಂದು ನಾನೇ ಹೊಸಬರಿಗೆ ಬೈದು ಕಲಿಸಿದ್ದೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅವತ್ತು ಒಳಗೆ ಊಟ ಬಡಿಸಿಯಾಗಿತ್ತು, ಎದುರಿಗೆ ಅಣ್ಣ ಅತ್ತಿಗೆ ಇಬ್ಬರೂ ನಿಂತಿದ್ದರು. ಜಾದೂಗಾರನ ಹಾಗೆ ಎರಡೂ ಬಾಗಿಲನ್ನು ಒಟ್ಟಿಗೇ ತೆರೆದೆ, ಒಟ್ಟಿಗೇ ಮುಚ್ಚಿದೆ. ಎರಡೂ ತೆರೆದಿವೆ, ಎರಡೂ ಮುಚ್ಚಿವೆ ಎಂದು ಫೋನು ಹೇಳಿತು. ಅಣ್ಣ ಬೆನ್ನು ತಟ್ಟಿದ. ಕೈ ತೊಳೆದು ಊಟಕ್ಕೆ ಕೂತೆ.

ಎರಡು ತಿಂಗಳ ಮೇಲೆ ಅಣ್ಣ ಫೋನ್ ಮಾಡಿದ. ದನಿ ತಗ್ಗಿಸಿ ಮಾತಾಡುತ್ತಿದ್ದ.

"ನಿಮ್ಮ ಅತ್ತಿಗೆಗೆ ಮರೆವು ಶುರುವಾಗಿದೆ ಕಣೋ. ವಾರಕ್ಕೆ ಮೂರು ನಾಲ್ಕು ಸಲ, ನಾನು ಆಫೀಸಿನಲ್ಲಿದ್ದಾಗ ಎರಡು ಗಂಟೆಗೆ 'ದೊಡ್ಡ ಬಾಗಿಲು ತೆರೆದಿದೆ' ಅಂತ ಮೆಸೇಜು. ಫೋನ್ ಮಾಡಿದರೆ ಹೋಗಿ ನೋಡ್ತಾಳೆ, ತೆರೆದೇ ಇರುತ್ತೆ. ಎರಡಕ್ಕೆ ಮುಚ್ಚಿಕೊಂಡ ಮೇಲೂ, ಊಟಕ್ಕೆ ಒಳಗೆ ಹೋಗೋವಾಗ ದೀಪದ ಸ್ವಿಚ್ಚು ಅಂತ ಬಾಗಿಲಿನ ಬಟನ್ ಒತ್ತಿ ಹೋಗ್ತಾಳೆ ಅಂತ ಕಾಣುತ್ತೆ. ಕೇಳಿದರೆ ಮುಟ್ಟೇ ಇಲ್ಲ ಅಂತಾಳೆ."

"ಡಾಕ್ಟರಿಗೆ ತೋರಿಸಿದಿರಾ?"

"ತೋರಿಸಿದ್ವಿ, ಕಾದು ನೋಡೋಣ ಅಂದ್ರು. ಇವತ್ತು ಬಾಗಿಲು, ನಾಳೆ ಇಸ್ತ್ರಿಪೆಟ್ಟಿಗೆ ಆರಿಸೋದು ಮರೆತರೆ? ಹೊಲಿಗೆ ಸಾಕು ಅಂದಿದ್ದೀನಿ. ನೀನು ಬಂದು ಆ ಬಟನ್ ಕಿತ್ತು ಹಾಕು."

ಮಾರನೆಯ ದಿನವೇ ಹೋದೆ. ಗೋಡೆಯ ಬಟನ್ನಿನ ಮೇಲೆ ದಪ್ಪ ಟೇಪು ಅಂಟಿಸಿತ್ತು. ಪಕ್ಕದಲ್ಲಿ ಅತ್ತಿಗೆಯ ಕೈಬರಹದ ಚೀಟಿಗಳು ಸಾಲಾಗಿ: ತಾರೀಖು, ಗಂಟೆ, 'ಮುಟ್ಟಿಲ್ಲ'.

"ಟೇಪು ಹಾಕಿದ ಮೇಲೂ ತೆರೆದಿತ್ತು," ಎಂದರು ಅತ್ತಿಗೆ. "ನಾನೇ ಕಿತ್ತು, ಒತ್ತಿ, ಮತ್ತೆ ಅಂಟಿಸಿದ್ದೀನೋ ಏನೋ. ಯಾರಿಗೆ ಗೊತ್ತು." ನಕ್ಕು ಕಾಫಿ ಮಾಡಲು ಒಳಗೆ ಹೋದರು.

ಏಣಿ ಒಳಗೆ ತರಲು ಚಿಕ್ಕ ಬಾಗಿಲು ಎತ್ತಿದೆ, ಹಾಗೇ ಫೋನು ನೋಡಿದೆ. 'ದೊಡ್ಡ ಬಾಗಿಲು ತೆರೆದಿದೆ' ಎಂದಿತ್ತು. ದೊಡ್ಡ ಬಾಗಿಲು ನನ್ನ ಕಣ್ಣೆದುರಿಗೇ ಭದ್ರವಾಗಿ ಮುಚ್ಚಿತ್ತು.

ಚಿಕ್ಕದನ್ನು ಇಳಿಸಿ ನೋಡಿದೆ, 'ದೊಡ್ಡ ಬಾಗಿಲು ಮುಚ್ಚಿದೆ' ಎಂದಿತು. ದೊಡ್ಡದರ ಸೆನ್ಸರನ್ನು ಚಿಕ್ಕದಕ್ಕೆ, ಚಿಕ್ಕದರದನ್ನು ದೊಡ್ಡದಕ್ಕೆ ಅಂಟಿಸಿದ್ದೆ. ಅತ್ತಿಗೆ ಚಿಕ್ಕ ಬಾಗಿಲು ಎತ್ತಿಟ್ಟು ಊಟಕ್ಕೆ ಹೋದ ದಿನವೆಲ್ಲ, ದೊಡ್ಡದು ತೆರೆದಿದೆ ಎಂದು ಫೋನು ನಂಬಿಕೊಳ್ಳುತ್ತಿತ್ತು. ಎರಡಕ್ಕೆ ಅದನ್ನು ಮುಚ್ಚಲೆಂದು ಮೋಟಾರನ್ನು ಒತ್ತುತ್ತಿತ್ತು. ಮುಚ್ಚಿದ್ದ ಬಾಗಿಲು ತೆರೆದುಕೊಳ್ಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅತ್ತಿಗೆ ಕೆಲಸ ಮಾಡಿದ ದಿನ ಮಾತ್ರ ಹೀಗಾಗುತ್ತಿದ್ದುದರಿಂದ ಎಲ್ಲವೂ ಅವರ ಕಡೆಗೇ ಬೆರಳು ತೋರಿಸುತ್ತಿತ್ತು.

ಫೋನಿನಲ್ಲಿ ಎರಡು ಸೆನ್ಸರುಗಳ ಹೆಸರು ಅದಲು ಬದಲು ಮಾಡಿದೆ. ಅರ್ಧ ನಿಮಿಷದ ಕೆಲಸ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಫೋನು ಜೇಬಿಗೆ ಹಾಕುವಷ್ಟರಲ್ಲಿ ಅತ್ತಿಗೆ ಕಾಫಿ ತಂದರು.

"ಏನಪ್ಪಾ, ಇದರಲ್ಲೇ ಏನಾದರೂ ತೊಂದರೆ ಇತ್ತಾ?"

ಅವರ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ, ಹೌದು ಎನ್ನಲು ಬಾಯಿ ತೆರೆದವನೇ ನಾನು. ಬಂದ ಮಾತು ಬೇರೆ.

"ಇಲ್ಲ ಅತ್ತಿಗೆ. ಎಲ್ಲ ಸರಿಯಾಗೇ ಇದೆ."

"ಹಾಗಾದರೆ ನಾನೇ," ಎಂದರು. ಲೋಟ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಯಾಕೆ ಸುಳ್ಳು ಹೇಳಿದೆ ಎಂದರೆ ದೊಡ್ಡ ಕಾರಣವೇನಿಲ್ಲ. ಅಣ್ಣನ ಬಾಯಲ್ಲಿ ಎಂಜಿನಿಯರ್ ಅನ್ನಿಸಿಕೊಳ್ಳುವ ಚಟ. ಹೇಗೂ ಸರಿಯಾಯಿತಲ್ಲ, ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ದಿನ ಕಳೆದ ಹಾಗೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು. ನುಂಗಲೂ ಆಗದು, ಉಗುಳಲೂ ಆಗದು.

ಮೂರು ವಾರದ ಮೇಲೆ ಅಣ್ಣ ಮತ್ತೆ ಫೋನ್ ಮಾಡಿದ. ಈ ಸಲ ಖುಷಿಯಲ್ಲಿದ್ದ.

"ಹೊಲಿಗೆ ನಿಲ್ಲಿಸಿದ ಮೇಲೆ ಒಂದು ಸಲಾನೂ ಬಾಗಿಲು ತೆರೆದಿಲ್ಲ ನೋಡು. ನಾನು ಹೇಳಿದ್ದೇ ಸರಿಯಾಯ್ತು. ಅವಳೂ ಒಪ್ಪಿಕೊಂಡಿದ್ದಾಳೆ. ಮೆಷಿನ್ ತಗೊಳ್ಳೋರು ಯಾರಾದರೂ ಇದ್ದರೆ ಕಳಿಸು."

ನಾನು ಗುಟ್ಟಾಗಿ ಮಾಡಿದ ರಿಪೇರಿ ಅತ್ತಿಗೆಯ ವಿರುದ್ಧ ಕೊನೆಯ ಸಾಕ್ಷಿಯಾಗಿತ್ತು.

ಭಾನುವಾರ ಬೆಳಿಗ್ಗೆ ಹೋದಾಗ ಅತ್ತಿಗೆ ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡಿ ಡಬ್ಬಿಗಳಿಗೆ ತುಂಬುತ್ತಿದ್ದರು. ಮೆಷಿನ್ನಿಗೆ ಬಟ್ಟೆ ಹೊದಿಸಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಅತ್ತಿಗೆ ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿ ಕೇಳಿದರು.

"ನಿನಗೆ ಗೊತ್ತಾಗಿದ್ದು ಯಾವತ್ತು?"

"ಅವತ್ತೇ."

"ನಾನು ಕಾಫಿ ತಂದೆನಲ್ಲ, ಆಗ?"

"ಅದಕ್ಕೂ ಸ್ವಲ್ಪ ಮುಂಚೆ."

ಡಬ್ಬಿಯ ಮುಚ್ಚಳ ಹಾಕಿದರು. "ಕೈ ತಪ್ಪೋದು ಯಾರಿಗಿಲ್ಲ. ನಾನೂ ಎಡಗಡೆ ತೋಳನ್ನ ಬಲಗಡೆಗೆ ಹೊಲಿದಿದ್ದೀನಿ. ಗಿರಾಕಿಗೆ ಹೇಳಿ, ಬಿಚ್ಚಿ ಹೊಲಿದುಕೊಟ್ಟೆ. ಅದಕ್ಕೇನೂ ನಾನು ಸಾಯಲಿಲ್ಲ. ನೀನು ಇಲ್ಲ ಅಂದ ಮೇಲೆ ಮೂರು ವಾರ ನಾನು ಹೇಗಿದ್ದೆ ಗೊತ್ತಾ? ಸ್ನಾನ ಮಾಡಿದೆನೋ ಇಲ್ಲವೋ ಅಂತ ಟವೆಲ್ ಮುಟ್ಟಿ ನೋಡಿಕೊಳ್ತಿದ್ದೆ."

"ತಪ್ಪಾಯ್ತು ಅತ್ತಿಗೆ."

"ಆಯ್ತು. ಈಗ ಅದನ್ನ ಮೊದಲು ಹೇಗಿತ್ತೋ ಹಾಗೆ ಮಾಡು."

"ಯಾಕೆ?"

"ನಿನ್ನ ಮಾತು ನಂಬಿ ಒಂದು ಸಲ ಕೆಟ್ಟಿದ್ದೀನಿ. ಕಣ್ಣಾರೆ ನೋಡಬೇಕು."

ಹೆಸರುಗಳನ್ನು ಮತ್ತೆ ತಪ್ಪಾಗಿ ಬದಲಿಸಿದೆ. ಎರಡು ಗಂಟೆಯ ಬದಲು ಐದು ನಿಮಿಷ ಬಿಟ್ಟು ಎಂದು ಫೋನಿನಲ್ಲಿ ಮುಚ್ಚುವ ಹೊತ್ತು ಹೊಂದಿಸಿದೆ. ಅತ್ತಿಗೆ ಚಿಕ್ಕ ಬಾಗಿಲು ಎತ್ತಿಟ್ಟರು, ಒಳಗಿದ್ದ ಅಣ್ಣನನ್ನು ಕರೆದರು. ಮೂವರೂ ಬೀದಿಯ ಅಂಚಿನಲ್ಲಿ ಕೈಕಟ್ಟಿ ನಿಂತೆವು.

"ಏನೇ ಇದು, ಸರ್ಕಸ್ಸಾ?" ಎಂದ ಅಣ್ಣ.

"ಸುಮ್ಮನೆ ನೋಡ್ರೀ."

ಹತ್ತಿರ ಯಾರೂ ಇಲ್ಲದೆ, ದೊಡ್ಡ ಬಾಗಿಲು ಒಮ್ಮೆ ನಡುಗಿ, ಗರಗರ ಎಂದು ಮೇಲಕ್ಕೆ ಹೋಯಿತು. ಅಣ್ಣನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅವನು ತೆಗೆದು ಓದಿದ, ಬಾಗಿಲು ನೋಡಿದ, ನನ್ನನ್ನು ನೋಡಿದ. ಹೆಂಡತಿಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.

"ಇನ್ನೊಂದು ಸಲ," ಎಂದರು ಅತ್ತಿಗೆ.

ಇನ್ನೊಂದು ಸಲ ತೋರಿಸಿದೆ. ಅತ್ತಿಗೆಗೆ ಮರೆವಂತೆ ಎಂದು ಕೇಳಿ, ಹೊಲಿಯಲು ಕೊಟ್ಟ ಕೋಟನ್ನು ಹೊಲಿಸದೆಯೇ ವಾಪಸು ಒಯ್ದಿದ್ದ ಟೀಚರಮ್ಮ ಎದುರು ಮನೆಯಲ್ಲೇ ಇದ್ದಾರೆ. ಅತ್ತಿಗೆ ಅವರನ್ನೂ ಕೂಗಿದರು. ಮೂಲೆಮನೆಯ ಮುದುಕರು ಕರೆಯದೆಯೇ ಬಂದರು.

"ಇವನು ನಮ್ಮ ಮೈದುನ," ಎಂದು ಅತ್ತಿಗೆ ಪರಿಚಯಿಸಿದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. "ಈ ಬಾಗಿಲು ಜೋಡಿಸಿದ್ದು ಇವನೇ. ಏನಾಯ್ತು ಅಂತ ಅವನೇ ಹೇಳ್ತಾನೆ. ಹೇಳಪ್ಪಾ."

ನಾನು ಹೇಳಿದೆ. ಸೆನ್ಸರಿನ ವಿಷಯ ಹೇಳಿ ನಿಲ್ಲಿಸಿದೆ. ಅತ್ತಿಗೆ ಕಾಯುತ್ತಿದ್ದರು. ಆಮೇಲೆ ಕಾಫಿಯ ವಿಷಯವನ್ನೂ ಹೇಳಿದೆ.

ಟೀಚರಮ್ಮ ಮನೆಗೆ ಹೋದರು, ಕೋಟು ತರಲು.