ಜ್ಯೂರಿ ತಾತನ ಸಾಕ್ಷಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ, ಒಪ್ಪಿದೆ. ಆದರೆ ಹೋದ ವಾರ ನಾನು ಮಾಡಿದ ಕೆಲಸಕ್ಕೆ ಕೋಪ ಕಾರಣವಲ್ಲ. ತಣ್ಣಗೆ ಯೋಚಿಸಿಯೇ ಮಾಡಿದೆ. ಅದಕ್ಕೇ ಈಗ ತಾತನ ಮುಖ ನೋಡಲು ನಾಚಿಕೆಯಾಗುತ್ತಿದೆ.

ಲಾ ಕಾಲೇಜಿನಲ್ಲಿ ನಮಗೆ ದೇಶದ ಕಾನೂನಿನ ಇತಿಹಾಸ ಕಲಿಸುವ ಮೇಡಂ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ರದ್ದಾದ ಕಾನೂನೊಂದನ್ನು ಆರಿಸಿಕೊಂಡು ಪ್ರಬಂಧ ಬರೆಯಬೇಕು. ಆ ಕಾನೂನಿನ ಕಾಲ ಕಂಡ ಒಬ್ಬರನ್ನು ತರಗತಿಗೆ ಸಾಕ್ಷಿಯಾಗಿ ಕರೆತರಬೇಕು. ಮೊದಲ ಸ್ಥಾನ ಬಂದವರಿಗೆ ಊರಿನ ಹೆಸರಾಂತ ವಕೀಲರ ಆಫೀಸಿನಲ್ಲಿ ಕಲಿಯಲು ಜಾಗ ಸಿಗುತ್ತದೆ. ಆ ಜಾಗದ ಮೇಲೆ ನನ್ನ ಕಣ್ಣು ಬಿದ್ದು ಆಗಲೇ ವರ್ಷವಾಗಿತ್ತು. ಉಳಿದವರು ಸಾಕ್ಷಿ ಹುಡುಕುತ್ತ ಚಪ್ಪಲಿ ಸವೆಸುತ್ತಿದ್ದರೆ ನಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ನಮ್ಮ ಮನೆಯಲ್ಲೇ ಜ್ಯೂರಿ ತಾತ ಇದ್ದರಲ್ಲ.

ಹಿಂದೆ ದೊಡ್ಡ ಮೊಕದ್ದಮೆಗಳಲ್ಲಿ ಸಾಮಾನ್ಯ ಜನರನ್ನೇ ಕರೆದು ಕೋರ್ಟಿನಲ್ಲಿ ಕೂರಿಸುತ್ತಿದ್ದರು. ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಹೇಳುವವರು ಅವರೇ; ಈಗ ರದ್ದಾಗಿರುವ ಆ ಪದ್ಧತಿಯೇ ಜ್ಯೂರಿ. ದರ್ಜಿಯಾಗಿದ್ದ ತಾತ ಒಂದೇ ಒಂದು ಸಲ ಹಾಗೆ ಕೂತಿದ್ದರು. ಅದಕ್ಕೆಂದೇ ಕಪ್ಪು ಕೋಟು ಹೊಲಿದುಕೊಂಡಿದ್ದರಂತೆ. ಕೋಟು ಪೆಟ್ಟಿಗೆ ಸೇರಿತು, ಹೆಸರು ಉಳಿಯಿತು. ಮನೆಯಲ್ಲಿ ಛತ್ರಿ ಮುರಿದದ್ದು ಯಾರು, ಕಿಟಕಿ ಪಕ್ಕದ ಮಂಚ ಯಾರಿಗೆ, ಎಲ್ಲದಕ್ಕೂ ಜ್ಯೂರಿ ತಾತನ ತೀರ್ಪೇ ಕೊನೆ.

ಜ್ಯೂರಿ ಮತ್ತೆ ಬರಬೇಕು, ಸಾಮಾನ್ಯರ ಕಣ್ಣಿಗೆ ಬೀಳುವ ಸತ್ಯ ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ ಎಂದು ನಾನು ಬರೆದಿದ್ದೆ. ಸಾಕ್ಷಿ ಹೇಳುವ ಹಿಂದಿನ ದಿನ ತಾತನನ್ನು ಕೂರಿಸಿಕೊಂಡು ತಾಲೀಮು ಮಾಡಿಸಿದೆ.

"ಅವತ್ತು ಮಧ್ಯಾಹ್ನ ಊಟ ಆದ್ಮೇಲೆ ಏನಾಯ್ತು ಅಂದ್ರೆ ಪುಟ್ಟಿ..." ಎಂದು ತಾತ ಶುರು ಮಾಡಿದರು.

"ಊಟದ ಸುದ್ದಿ ಯಾರಿಗೆ ಬೇಕು ತಾತ? ಎಲ್ಲರೂ ಕೂತು ಯೋಚಿಸಿ ತೀರ್ಪು ಕೊಟ್ವಿ ಅನ್ನಿ, ಸಾಕು."

ತಾತ ನನ್ನನ್ನೇ ನೋಡಿ, "ಆಯ್ತು ಬಿಡು," ಎಂದರು.

ಮರುದಿನ ಅದೇ ಕೋಟು ತೊಟ್ಟು ಬಂದರು. ಮೈ ಇಳಿದದ್ದರಿಂದ ಹೆಗಲು ಜೋಲುತ್ತಿತ್ತು. ಮೇಡಂ ಕುರ್ಚಿ ಕೊಟ್ಟು, "ಒಳಗೆ ಕೂತು ಏನೇನು ಮಾತಾಡಿದ್ರಿ ಸರ್?" ಎಂದು ಕೇಳಿದರು. ತಾತನನ್ನು ಸರ್ ಎಂದು ಕರೆದವರಲ್ಲಿ ಅವರೇ ಮೊದಲಿಗರಿರಬೇಕು.

ತಾತ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

"ಏನೂ ಮಾತಾಡ್ಲಿಲ್ಲಮ್ಮ," ಎಂದರು. "ಸುಳ್ಳು ಯಾಕೆ ಹೇಳ್ಲಿ, ನೀವೆಲ್ಲ ಕಾನೂನು ಓದೋರು. ಗೋದಾಮಿಗೆ ಬೆಂಕಿ ಇಟ್ಟ ಅಂತ ಕಾವಲುಗಾರನ ಮೇಲೆ ಕೇಸು. ಊಟ ಆದ್ಮೇಲೆ ನಂಗೆ ಜೋಂಪು ಹತ್ತಿತು. ಎಚ್ಚರ ಆಗೋ ಹೊತ್ತಿಗೆ ಅವನು ಹೇಳೋದೆಲ್ಲ ಹೇಳಿ ಮುಗಿಸಿದ್ದ. ಒಳಗೆ ಹೋದ್ವಿ. ಎಲ್ಲರಿಗೂ ಮನೆಗೆ ಹೋಗೋ ಅವಸರ. ಪಕ್ಕದವರು ಕೈ ಎತ್ತಿದ್ರು, ನಾನೂ ಎತ್ತಿದೆ."

ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. "ಅವನೇ ಇಟ್ಟಿದ್ನಾ ಸರ್, ಬೆಂಕಿ?"

"ಗೊತ್ತಿಲ್ಲಮ್ಮ. ಜೈಲಿಗೆ ಹೋದ. ಅಲ್ಲೇ ತೀರಿಕೊಂಡ ಅಂತ ಆಮೇಲೆ ಕೇಳಿದೆ. ಅವನ ಅಂಗಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಸವೆದ ಕಾಲರನ್ನ ತಿರುಗಿಸಿ ಹೊಲಿದಿದ್ರು. ಮನೆಯಲ್ಲೇ, ಕೈಹೊಲಿಗೆ. ಹೆಂಡತಿ ಹೊಲಿದಿರಬೇಕು."

ನನ್ನ ಪ್ರಬಂಧ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಸಾಕ್ಷಿ ತಿರುಗಿಬಿದ್ದರೆ ಅವನ ಮಾತು ನಂಬುವಂಥದ್ದಲ್ಲ ಎಂದು ವಕೀಲರು ಹೇಗೆ ತೋರಿಸುತ್ತಾರೆಂದು ನಮಗೆ ಅದೇ ತಿಂಗಳು ಪಾಠವಾಗಿತ್ತು. ಎದ್ದು ನಿಂತೆ.

"ಮೇಡಂ, ತಾತನಿಗೆ ಈಚೆಗೆ ನೆನಪು ಸರಿ ಇಲ್ಲ. ಎಲ್ಲೋ ಕೇಳಿದ್ದನ್ನ ತಮ್ಮದೇ ಅಂತ ಹೇಳಿಬಿಡ್ತಾರೆ."

ನನ್ನ ದನಿ ಒಂಚೂರೂ ನಡುಗಲಿಲ್ಲ. ಮೇಡಂ ತಾತನ ಕಡೆ ತಿರುಗಿದರು. ತಾತ ಇಲ್ಲ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು, ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ತಾತ ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು.

"ಹೌದಮ್ಮ," ಎಂದರು. "ವಯಸ್ಸಾಯ್ತು ನೋಡಿ. ಮೊಮ್ಮಗಳು ಹೇಳೋದೇ ಸರಿ."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಕ್ಷಮೆ ಕೇಳಬೇಕು ಎಂದುಕೊಂಡೆ, ಟಿಕೆಟು ಮಡಚುತ್ತ ಬಿಡಿಸುತ್ತ ಕೂತೆ. ನಮ್ಮ ಸ್ಟಾಪು ಹತ್ತಿರ ಬಂದಾಗ ತಾತ ಕಿಟಕಿಯ ಕಡೆಯೇ ನೋಡುತ್ತ ಹೇಳಿದರು: "ನಿಮ್ಮಜ್ಜಿಗೂ ಹೇಳಿರಲಿಲ್ಲ ಕಣೆ ಇದನ್ನ."

ನಿನ್ನೆ ಫಲಿತಾಂಶ ಬಂತು. ಸಾಕ್ಷಿಯ ಮಾತು ಬದಿಗಿಟ್ಟು ಪ್ರಬಂಧವನ್ನಷ್ಟೇ ನೋಡಿದರಂತೆ, ಜಾಗ ನನಗೇ ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ಮೇಡಂ ಬಳಿ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆ ಅಂದುಕೊಂಡವಳು, ಸಂಜೆ ಎಲ್ಲರ ನಡುವೆ ಹಲ್ಲು ಬಿಟ್ಟುಕೊಂಡು ಕೂತಿದ್ದೆ. ಅಷ್ಟರಲ್ಲಿ ಫೋನ್ ಚಾರ್ಜರ್ ಯಾರದು ಎಂದು ಅಣ್ಣನಿಗೂ ಅತ್ತಿಗೆಗೂ ಜಟಾಪಟಿ ಶುರುವಾಯಿತು.

"ಜ್ಯೂರಿ ತಾತ, ನೀವೇ ತೀರ್ಪು ಹೇಳಿ," ಎಂದ ಅಣ್ಣ.

ತಾತ ಕನ್ನಡಕ ತೆಗೆದು ಒರೆಸಿಕೊಂಡರು.

"ನಂಗೆ ನೆನಪು ಸರಿ ಇಲ್ಲವಂತಪ್ಪ. ಲಾಯರಮ್ಮನ್ನೇ ಕೇಳಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.